ಉಣ್ಣೆಯ ಹೊಟ್ಟೆಯಲ್ಲೊಂದು ಸುರುಳಿ

ಸಂಜೆ ಹಾಲು ಕರೆಯುವ ಮುಂಚೆ ತಿಪಟೂರು ಸೀಮೆಯ ಕೊಟ್ಟಿಗೆಗಳಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಮನೆಯ ಹಿರಿಯಾಕೆ ಹಸುವಿನ ಗಂಗೆದೊಗಲು ನೇವರಿಸುತ್ತ ಕಿವಿಯ ಒಳಮಡಿಕೆ, ಬಾಲದ ಬುಡ, ಕೆಚ್ಚಲ ಸಂದು ಒಂದೊಂದನ್ನೇ ತಡಕುತ್ತಾಳೆ. ಬೆರಳಿಗೆ ಸಿಕ್ಕಿದ ಉಣ್ಣೆಯನ್ನು ಕಿತ್ತು, ಪಕ್ಕದಲ್ಲಿಟ್ಟ ತೆಂಗಿನ ಚಿಪ್ಪಿನ ಸೀಮೆಎಣ್ಣೆಗೆ ಹಾಕುತ್ತಾಳೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನೋಡಲು ಥೇಟ್ ಹರಳು ಬೀಜ. ಹಿಂದೆ ರೋಮನ್ನರಿಗೂ ಹಾಗೆಯೇ ಕಂಡಿತ್ತು. ಲ್ಯಾಟಿನ್ನಿನಲ್ಲಿ ಉಣ್ಣೆಗೂ ಹರಳಿಗೂ ಹೆಸರು ಒಂದೇ, ರಿಸಿನಸ್. ಹರಳು ಗಿಡಕ್ಕೆ ವಿಜ್ಞಾನಿಗಳು ರಿಸಿನಸ್ ಕಮ್ಯುನಿಸ್ ಎಂದು ಹೆಸರಿಟ್ಟರು. ಯುರೋಪಿನ ಕಾಡುಗಳ ಉಣ್ಣೆಗೆ ಇಕ್ಸೋಡಿಸ್ ರಿಸಿನಸ್ ಎಂದರು. ಈ ಎರಡನೆಯದರ ಹೊಟ್ಟೆಯಲ್ಲಿ ಮನುಷ್ಯನ ಕೀಲು, ನರ, ಹೃದಯಗಳನ್ನು ಹಿಡಿಯುವ ಒಂದು ಬ್ಯಾಕ್ಟೀರಿಯ ಬಾಳುತ್ತದೆ. ಅದರ ಹೆಸರು ಬೊರೇಲಿಯ ಬರ್ಗ್‌ಡಾರ್ಫೆರಿ. ಅದು ತರುವ ಕಾಯಿಲೆ ಲೈಮ್ ರೋಗ.

ಉಣ್ಣೆಯ ಕುಲದವರ ಹೊಡೆತ ತೆಂಗಿನ ಸೀಮೆಗೆ ಹೊಸದಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಸ್ವಲ್ಪ ಕಾಲದಲ್ಲೇ ಕರ್ನಾಟಕದ ತೋಟಗಳಿಗೂ ಗಾಳಿಯ ಬೆನ್ನೇರಿ ಬಂತು. ತೊಟ್ಟಿನ ಅಡಿ ಅಡಗಿ ಎಳೆಗಾಯಿಯ ರಸ ಹೀರುವ ಆ ಜೀವಿ ಒಂದು ಮಿಲಿಮೀಟರಿನ ಕಾಲು ಭಾಗವೂ ಉದ್ದವಿಲ್ಲ. ಕಾಯಿ ದಪ್ಪವಾದಂತೆ ಸಿಪ್ಪೆಯ ಮೇಲೆ ಕಂದು ಬಿರುಕು ಹರಡುತ್ತದೆ, ಕಾಯಿ ಸಣ್ಣದಾಗುತ್ತದೆ, ಸುಲಿಯುವವರ ಕೈ ಸೋಲುತ್ತದೆ. ಉಣ್ಣೆಯೂ ನುಸಿಯೂ ಕೀಟಗಳಲ್ಲ. ಜೇಡ, ಚೇಳುಗಳ ಬಳಗದವು. ಕಣ್ಣಿಗೆ ಕಾಣದ ಜೀವಿಯೊಂದು ಇಡೀ ಸೀಮೆಯ ಆದಾಯವನ್ನು ಹೇಗೆ ಕುಗ್ಗಿಸಬಲ್ಲದು ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದಲೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೇಳುಗರ ಮುಂದೆ ಲೈಮ್ ರೋಗದ ಮಾತೆತ್ತಿದರೆ ಮೊದಲು ಏಳುವ ಪ್ರಶ್ನೆ ನೇರವಾದದ್ದು: ನಮ್ಮ ಹಸುವಿನ ಉಣ್ಣೆಯಿಂದ ಆ ಕಾಯಿಲೆ ಬರುತ್ತದೆಯೇ? ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಅದಕ್ಕೆ ಬ್ಯಾಕ್ಟೀರಿಯದ ಬಾಳುವೆಯನ್ನು ಒಳಹೊಕ್ಕು ನೋಡಬೇಕು.

ಲೈಮ್ ಎಂಬುದಕ್ಕೆ ನಿಂಬೆಯ ಸಂಬಂಧವೂ ಇಲ್ಲ, ಸುಣ್ಣದ ಸಂಬಂಧವೂ ಇಲ್ಲ. ಅದು ಊರಿನ ಹೆಸರು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಲೈಮ್, ಓಲ್ಡ್ ಲೈಮ್, ಈಸ್ಟ್ ಹ್ಯಾಡಮ್ ಅಕ್ಕಪಕ್ಕದ ಊರುಗಳು. 1975ರಲ್ಲಿ ಅಲ್ಲಿನ ಇಬ್ಬರು ತಾಯಂದಿರು, ಪಾಲಿ ಮರ್ರೆ ಮತ್ತು ಜುಡಿತ್ ಮೆನ್ಷ್, ತಮ್ಮ ಮಕ್ಕಳ ಮಂಡಿ ಊದುತ್ತಿರುವುದನ್ನೂ ನೆರೆಮನೆಯ ಮಕ್ಕಳಿಗೂ ಹಾಗೇ ಆಗುತ್ತಿರುವುದನ್ನೂ ಗಮನಿಸಿ ಅಧಿಕಾರಿಗಳಿಗೆ ತಿಳಿಸಿದರು. ಮಕ್ಕಳ ಸಂಧಿವಾತ ಅಪರೂಪದ ಕಾಯಿಲೆ. ಅಲ್ಲಿನ ಕೆಲವು ಹಳ್ಳಿರಸ್ತೆಗಳಲ್ಲಿ ಹತ್ತು ಮಕ್ಕಳಿಗೊಬ್ಬರಂತೆ ಅದು ಬಂದಿತ್ತು. ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟಿಯರ್ ಮತ್ತು ಜೊತೆಗಾರರು ಮನೆಮನೆ ವಿಚಾರಿಸಿ 39 ಮಕ್ಕಳು, 12 ದೊಡ್ಡವರನ್ನು ಗುರುತಿಸಿದರು. ಅವರಲ್ಲಿ ಸುಮಾರು ಕಾಲು ಭಾಗದವರು, ಕೀಲು ಊದುವುದಕ್ಕೆ ಮೊದಲು ಮೈಮೇಲೆ ದಿನದಿನಕ್ಕೆ ಅಗಲವಾಗುವ ಕೆಂಪು ಬಳೆಯೊಂದು ಎದ್ದಿತ್ತು ಎಂದರು. ಸ್ವೀಡನ್ನಿನ ಚರ್ಮವೈದ್ಯ ಅಫ್ಜೇಲಿಯಸ್ 1909ರಲ್ಲೇ ಅಂಥ ಬಳೆಯನ್ನು ಕಂಡು ಉಣ್ಣೆ ಕಡಿತದ ಕಡೆ ಬೆರಳು ತೋರಿಸಿದ್ದ. ಎರಡೂ ತುದಿಗಳು ಕೂಡಿದವು. ತಾಯಂದಿರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದೆ ಇದ್ದಿದ್ದರೆ ಈ ಕೂಡುವಿಕೆಗೆ ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ.

ಆದರೂ ಉಣ್ಣೆಯೊಳಗೆ ಇರುವುದು ಏನು ಎಂಬುದು ತಿಳಿಯಲಿಲ್ಲ. ಅದನ್ನು ಕಂಡವನು ವಿಲ್ಲಿ ಬರ್ಗ್‌ಡಾರ್ಫರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿದ ಆತ ಅಮೆರಿಕದ ಮೊಂಟಾನಾದಲ್ಲಿ, ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಉಣ್ಣೆಗಳನ್ನು ಕೊಯ್ದು ನೋಡುವುದೇ ಕೆಲಸವಾಗಿದ್ದ ವಿಜ್ಞಾನಿ. 1981ರಲ್ಲಿ ನ್ಯೂಯಾರ್ಕ್ ಬಳಿಯ ಶೆಲ್ಟರ್ ದ್ವೀಪದ ಉಣ್ಣೆಗಳು ಅವನ ಮೇಜಿಗೆ ಬಂದವು. ಅವನು ಹುಡುಕುತ್ತಿದ್ದುದು ಬೇರೊಂದು ಜ್ವರ ತರುವ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯವನ್ನು. ಉಣ್ಣೆಯ ಕಾಲಿನ ತುದಿ ಕತ್ತರಿಸಿ, ಒಸರಿದ ಹನಿಯನ್ನು ಗಾಜಿನ ಮೇಲೆ ಹರಡಿ ನೋಡಿದ, ರಿಕೆಟ್ಸಿಯಾ ಇರಲಿಲ್ಲ. ಒಂದೆರಡು ಉಣ್ಣೆಗಳ ಹನಿಯಲ್ಲಿ ಮಾತ್ರ ಹುಳುವಿನ ಸಣ್ಣ ಮರಿಗಳಿದ್ದವು. ಅವು ಎಲ್ಲಿಂದ ಬಂದವು ಎಂದು ಉಣ್ಣೆಯ ಹೊಟ್ಟೆಯನ್ನೇ ಸೀಳಿದಾಗ ಕರುಳಿನ ಲೇಪದಲ್ಲಿ ಉದ್ದನೆಯ, ಅಂಕುಡೊಂಕು ಸುರುಳಿಗಳು ಕಂಡವು. ಬೇರೊಬ್ಬರಾಗಿದ್ದರೆ ಅದನ್ನು ಕಸವೆಂದು ದಾಟಿಬಿಡುತ್ತಿದ್ದರೇನೋ. ಬರ್ಗ್‌ಡಾರ್ಫರ್ ತನ್ನ ಡಾಕ್ಟರೇಟಿಗೆ ಅಧ್ಯಯನ ಮಾಡಿದ್ದೇ ಆಫ್ರಿಕದ ಉಣ್ಣೆಗಳು ಹರಡುವ ಮರುಕಳಿಸುವ ಜ್ವರದ ಸುರುಳಿಗಳನ್ನು. ನೋಡಿದ ಕೂಡಲೇ ಜಾತಿ ತಿಳಿಯಿತು. 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಬಂತು. 1984ರಲ್ಲಿ ಆ ಸುರುಳಿಗೆ ಅವನದೇ ಹೆಸರಾಯಿತು.

ಈ ಬ್ಯಾಕ್ಟೀರಿಯದ ಮೈಕಟ್ಟನ್ನು ತೆಂಗಿನ ಸೀಮೆಯವರಿಗೆ ಹೇಳುವುದು ಸುಲಭ. ನಾರಿನ ಹುರಿಯನ್ನು ನೆನೆದರೆ ಸಾಕು. ಉದ್ದ 10ರಿಂದ 25 ಮೈಕ್ರೊಮೀಟರ್, ದಪ್ಪ ಅದರ ಐವತ್ತರಲ್ಲೊಂದು ಪಾಲಿನಷ್ಟು. ಬೇರೆ ಬ್ಯಾಕ್ಟೀರಿಯಗಳಿಗೆ ಈಜುವ ಕಶಾಂಗಗಳು ಮೈಯಿಂದ ಹೊರಗೆ ಬಾಲದಂತೆ ಜೋತಾಡುತ್ತವೆ. ಇದಕ್ಕೆ ಅವು ಒಳಗೆ, ಹೊರಪೊರೆಯ ಅಡಿಯಲ್ಲಿ ಇವೆ. ಎರಡೂ ತುದಿಗಳಿಂದ ಹತ್ತರ ಆಸುಪಾಸು ಎಳೆಗಳು ಹೊರಟು ಮೈಯನ್ನು ಸುತ್ತಿಕೊಂಡು ನಡುವಿನಲ್ಲಿ ಸೇರುತ್ತವೆ. ಎಳೆಗಳು ತಿರುಗಿದರೆ ಇಡೀ ಮೈ ಅಲೆಯಾಗಿ ಮುಂದಕ್ಕೆ ಹರಿಯುತ್ತದೆ. ನೀರಿಗಿಂತ ಗಂಜಿಯಂಥ ಮಂದ ಪದಾರ್ಥದಲ್ಲಿ ಈ ಓಟ ಚೆನ್ನಾಗಿ ಸಾಗುತ್ತದೆ. ಬೇರೆ ಬ್ಯಾಕ್ಟೀರಿಯಗಳು ಸಿಕ್ಕಿಬೀಳುವ ಚರ್ಮದ ಅಂಟು ಪದರದಲ್ಲಿ, ಕೀಲಿನ ಸಂದಿನಲ್ಲಿ ಇದು ನುಸುಳಿಕೊಂಡು ಹೋಗುತ್ತದೆ.

ಇದರ ವಂಶವಾಹಿಗಳ ಪೂರ್ಣ ಓದು 1997ರಲ್ಲಿ ಪ್ರಕಟವಾಯಿತು. ಬಹುತೇಕ ಬ್ಯಾಕ್ಟೀರಿಯಗಳಲ್ಲಿ ಬಳೆಯಂತಿರುವ ವರ್ಣತಂತು ಇಲ್ಲಿ ನೆಟ್ಟನೆಯ ದಾರ. ಅದರಲ್ಲಿ ಸುಮಾರು 9 ಲಕ್ಷ 10 ಸಾವಿರ ಅಕ್ಷರಗಳು. ಜೊತೆಗೆ 21 ಪ್ಲಾಸ್ಮಿಡ್‌ಗಳೆಂಬ ಸಣ್ಣ ತುಂಡುಗಳು. ಓದಿದವರನ್ನು ಬೆರಗುಗೊಳಿಸಿದ್ದು ಇದ್ದದ್ದಲ್ಲ, ಇಲ್ಲದ್ದು. ಅಮೈನೊ ಆಮ್ಲ ತಯಾರಿಸುವ ಜೀನ್‌ಗಳಿಲ್ಲ, ಕೊಬ್ಬಿನ ಆಮ್ಲ ತಯಾರಿಸುವ ಜೀನ್‌ಗಳಿಲ್ಲ, ವಿಷ ತಯಾರಿಸುವ ಜೀನ್ ಒಂದೂ ಇಲ್ಲ. ತನ್ನ ಅಡುಗೆ ತಾನು ಮಾಡಿಕೊಳ್ಳಲಾರದ ಜೀವಿ ಇದು. ಮಣ್ಣಿನಲ್ಲಿ, ನೀರಿನಲ್ಲಿ, ಗಾಳಿಯಲ್ಲಿ ಒಂಟಿಯಾಗಿ ಬದುಕಲು ಇದಕ್ಕಾಗುವುದಿಲ್ಲ. ಉಣ್ಣೆ ಬೇಕು, ಇಲ್ಲವೇ ಉಣ್ಣೆ ಕಚ್ಚುವ ಪ್ರಾಣಿ ಬೇಕು.

ಇಲ್ಲಿ ಚಿಕ್ಕನಾಯಕನಹಳ್ಳಿಯ ಗುಡ್ಡಗಳು ನೆನಪಿಗೆ ಬರುತ್ತವೆ. ಆ ಸಾಲಿನಲ್ಲಿ ಕಬ್ಬಿಣದ ಅದಿರೂ ಮ್ಯಾಂಗನೀಸ್ ಅದಿರೂ ಅಕ್ಕಪಕ್ಕದಲ್ಲೇ ಇವೆ. ಗಣಿಯ ಲಾರಿಗಳು ಎರಡನ್ನೂ ಹೊತ್ತಿವೆ. ಜೀವಲೋಕದಲ್ಲಿ ಇವೆರಡಕ್ಕೆ ಸಮಾನ ಸ್ಥಾನವಿಲ್ಲ. ಬ್ಯಾಕ್ಟೀರಿಯದಿಂದ ಆನೆಯವರೆಗೆ ಹೆಚ್ಚುಕಡಿಮೆ ಎಲ್ಲ ಜೀವಕ್ಕೂ ಕಬ್ಬಿಣ ಬೇಕು. ಸೋಂಕು ತಗುಲಿದಾಗ ಮನುಷ್ಯನ ಮೈ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಕಬ್ಬಿಣವನ್ನು ಪ್ರೋಟೀನುಗಳೊಳಗೆ ಬಚ್ಚಿಟ್ಟು ಶತ್ರುವನ್ನು ಉಪವಾಸ ಕೆಡವುವುದು. ಹೆಚ್ಚಿನ ರೋಗಾಣುಗಳು ಆ ಬೀಗ ಒಡೆಯಲು ತಲೆಕೆಡಿಸಿಕೊಳ್ಳುತ್ತವೆ. ಬೊರೇಲಿಯ ಆ ಜಗಳಕ್ಕೇ ಹೋಗುವುದಿಲ್ಲ. ಅದು ಕಬ್ಬಿಣದ ಹಂಗನ್ನೇ ಬಿಟ್ಟು ಆ ಜಾಗದಲ್ಲಿ ಮ್ಯಾಂಗನೀಸ್ ಬಳಸುತ್ತದೆ ಎಂದು 2000ದಲ್ಲಿ ಪೋಸಿ ಮತ್ತು ಗೆರಾರ್ಡಿನಿ ಎಂಬ ವಿಜ್ಞಾನಿಗಳು ತೋರಿಸಿದರು. ಬಾಗಿಲಿಗೆ ಬೀಗ ಜಡಿದವನ ಮನೆಗೆ ಬಂದ ಕಳ್ಳನಿಗೆ ಆ ಕೋಣೆಯ ಒಡವೆಯೇ ಬೇಡ ಎಂದಂತಾಯಿತು.

ಇನ್ನು ಸೋಂಕು. ಹಸಿದ ಉಣ್ಣೆಯ ಕರುಳಿನಲ್ಲಿ ಬ್ಯಾಕ್ಟೀರಿಯಗಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ, ಕರುಳಿನ ಗೋಡೆಗೆ ಅಂಟಿಕೊಂಡು. ಅಂಟು ಕೊಡುವುದು ಮೈಮೇಲಿನ ಓಎಸ್‌ಪಿ-ಎ ಎಂಬ ಪ್ರೋಟೀನು. ಉಣ್ಣೆ ಒಂದು ಪ್ರಾಣಿಗೆ ಕಚ್ಚುತ್ತದೆ. ಅದರ ಬಾಯಿಯ ಕೊಳವೆಗೆ ಗಾಳದಂತೆ ಹಿಮ್ಮುಖ ಮುಳ್ಳುಗಳು. ಎಷ್ಟೋ ಜಾತಿಗಳು ಸುತ್ತಲೂ ಗಾರೆಯಂಥ ಅಂಟನ್ನೂ ಸುರಿಸಿ ಗಟ್ಟಿಯಾಗಿ ಕೂರುತ್ತವೆ. ಜೊಲ್ಲಿನಲ್ಲಿ ನೋವು, ತುರಿಕೆ, ರಕ್ತ ಹೆಪ್ಪುಗಟ್ಟುವಿಕೆ ಮೂರನ್ನೂ ತಡೆಯುವ ಪದಾರ್ಥಗಳಿವೆ. ಬಿಸಿರಕ್ತ ಕರುಳಿಗೆ ಇಳಿದದ್ದೇ ಬ್ಯಾಕ್ಟೀರಿಯಕ್ಕೆ ಎಚ್ಚರ. ಅದು ಎ ಅಂಗಿಯನ್ನು ಕಳಚಿ ಓಎಸ್‌ಪಿ-ಸಿ ಎಂಬ ಬೇರೆ ಅಂಗಿ ತೊಡುತ್ತದೆ, ಮರಿ ಹಾಕುತ್ತ ಕರುಳು ದಾಟಿ ಜೊಲ್ಲುಗ್ರಂಥಿಗೆ ಹೋಗುತ್ತದೆ. ಅಲ್ಲಿ ಉಣ್ಣೆಯದೇ ಒಂದು ಜೊಲ್ಲುಪ್ರೋಟೀನನ್ನು ಹೊದ್ದುಕೊಂಡು ಪ್ರಾಣಿಯ ಚರ್ಮಕ್ಕೆ ಇಳಿಯುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ 36ರಿಂದ 48 ಗಂಟೆ ಬೇಕು. ಒಂದು ದಿನದೊಳಗೆ ಉಣ್ಣೆಯನ್ನು ಕಿತ್ತರೆ ಅಪಾಯ ಬಹಳ ಕಡಿಮೆ ಎಂದು ವೈದ್ಯರು ಹೇಳುವುದು ಈ ಲೆಕ್ಕದ ಮೇಲೆ. ಅಮೆರಿಕದಲ್ಲಿ 1998ರಿಂದ 2002ರವರೆಗೆ ಮಾರಾಟದಲ್ಲಿದ್ದ ಲಸಿಕೆಯೂ ಈ ನಡುವಣ ಹೊತ್ತನ್ನೇ ಹಿಡಿದಿತ್ತು. ಲಸಿಕೆ ಪಡೆದವರ ರಕ್ತವನ್ನು ಉಣ್ಣೆ ಕುಡಿದರೆ, ರಕ್ತದಲ್ಲಿದ್ದ ಪ್ರತಿಕಾಯಗಳು ಉಣ್ಣೆಯ ಹೊಟ್ಟೆಯೊಳಗೇ ಬ್ಯಾಕ್ಟೀರಿಯವನ್ನು ಕೊಲ್ಲುತ್ತಿದ್ದವು. ಬೇಡಿಕೆ ಕುಸಿದು ಅದು ಮಾರುಕಟ್ಟೆಯಿಂದ ಹೋಯಿತು.

ಕಚ್ಚಿದ 3ರಿಂದ 30 ದಿನಗಳಲ್ಲಿ, ಹತ್ತರಲ್ಲಿ ಏಳೆಂಟು ಮಂದಿಗೆ ಆ ಹರಡುವ ಬಳೆ ಏಳುತ್ತದೆ. ಪುಸ್ತಕಗಳಲ್ಲಿ ಅಚ್ಚಾಗುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಕಪ್ಪು, ಎಣ್ಣೆಗೆಂಪು ಮೈಬಣ್ಣದ ಮೇಲೆ ಅದು ಕೆಂಪಾಗಿ ಕಾಣದೆ ಹಳೆಯ ಪೆಟ್ಟಿನ ಕಂದು ಕಲೆಯಂತೆ ಕಾಣಬಹುದು; ಕನ್ನಡ ನಾಡಿನ ವೈದ್ಯರು ನೆನಪಿಡಬೇಕಾದ ಮಾತಿದು. ಆಗಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಎರಡು ವಾರದೊಳಗೆ ಕೆಲಸ ಮುಗಿಸುತ್ತದೆ. ಬಿಟ್ಟರೆ ಬ್ಯಾಕ್ಟೀರಿಯ ದೂರ ಹೋಗುತ್ತದೆ. ಕೆಲವರಿಗೆ ಮುಖದ ಒಂದು ಪಕ್ಕ ಸೊಟ್ಟಗಾಗುತ್ತದೆ, ಕೆಲವರಿಗೆ ಹೃದಯದ ಮಿಡಿತದ ಲಯ ತಪ್ಪುತ್ತದೆ, ತಿಂಗಳುಗಳ ಮೇಲೆ ಮಂಡಿ ಊದುತ್ತದೆ. ಮೈಯ ಕಾವಲುಪಡೆ ಸುಮ್ಮನಿರುವುದಿಲ್ಲ, ಪ್ರತಿಕಾಯ ತಯಾರಿಸುತ್ತದೆ. ಆದರೆ ಬೊರೇಲಿಯದ ಬಳಿ ವೇಷ ಬದಲಿಸುವ ಒಂದು ಜೀನ್ ಇದೆ. ಅದರ ಪಕ್ಕ 15 ಮೂಕ ತುಣುಕುಗಳು. ಅವುಗಳಿಂದ ಚೂರುಪಾರು ತಂದು ಆ ಜೀನ್ ತನ್ನ ಹೊರಮುಖವನ್ನು ಮತ್ತೆಮತ್ತೆ ಹೊಸದು ಮಾಡಿಕೊಳ್ಳುತ್ತದೆ. ವಿಷವೇ ಇಲ್ಲದ ಈ ಬ್ಯಾಕ್ಟೀರಿಯದಿಂದ ಆಗುವ ನೋವೆಲ್ಲ ಬಹುಪಾಲು ಮೈ ತನ್ನೊಳಗೇ ನಡೆಸುವ ಹೋರಾಟದ್ದು.

ಆದರೂ ಮನುಷ್ಯ ಈ ಬ್ಯಾಕ್ಟೀರಿಯಕ್ಕೆ ದಾರಿ ತಪ್ಪಿ ಸಿಕ್ಕ ಮನೆ. ಅವನಿಂದ ಅದು ಮುಂದೆ ಯಾರಿಗೂ ಹೋಗಲಾರದು. ಅದರ ನಿಜವಾದ ಮನೆ ಅಮೆರಿಕದಲ್ಲಿ ಬಿಳಿಪಾದದ ಇಲಿ. ಮೊಟ್ಟೆಯಿಂದ ಬಂದ ಆರು ಕಾಲಿನ ಉಣ್ಣೆಮರಿಯಲ್ಲಿ ಬೊರೇಲಿಯ ಇರುವುದಿಲ್ಲ. ಅದು ಮೊದಲ ಊಟವನ್ನು ಇಲಿಯ ಮೇಲೆ ಮಾಡಿದಾಗ ಸೋಂಕು ಹತ್ತುತ್ತದೆ. ಕೆಳಗೆ ಬಿದ್ದು ಪೊರೆ ಕಳಚಿ ಎಂಟು ಕಾಲಿನದಾಗಿ, ಮುಂದಿನ ವರ್ಷ ಎರಡನೇ ಊಟಕ್ಕೆ ಹೊರಡುತ್ತದೆ. ಆಗ ಅದರ ಗಾತ್ರ ರಾಗಿ ಕಾಳಿನಷ್ಟು. ಮನುಷ್ಯರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಇದೇ, ಏಕೆಂದರೆ ಮೈಮೇಲೆ ಕೂತರೂ ಕಾಣುವುದಿಲ್ಲ. ಮೂರನೇ ಊಟ ಜಿಂಕೆಯ ಮೇಲೆ. ಜಿಂಕೆ ಬ್ಯಾಕ್ಟೀರಿಯವನ್ನು ಸಾಕುವುದಿಲ್ಲ, ಉಣ್ಣೆಯನ್ನು ಸಾಕುತ್ತದೆ. ಕ್ಯಾಲಿಫೋರ್ನಿಯದಲ್ಲಿ ಓತಿಕ್ಯಾತದಂಥ ಒಂದು ಬೇಲಿಹಲ್ಲಿಯ ರಕ್ತ ಕುಡಿದ ಮರಿ ಉಣ್ಣೆಯಲ್ಲಿ ಬ್ಯಾಕ್ಟೀರಿಯ ಸತ್ತೇ ಹೋಗುತ್ತದೆ ಎಂದು 1998ರಲ್ಲಿ ತಿಳಿಯಿತು. ಹೀಗೆ ಯಾವ ಉಣ್ಣೆ, ಯಾವ ಇಲಿ, ಯಾವ ಹಲ್ಲಿ ಎಂಬುದೆಲ್ಲ ಸೇರಿ ಈ ರೋಗದ ಊರು ಯಾವುದೆಂದು ತೀರ್ಮಾನವಾಗುತ್ತದೆ. ನ್ಯೂ ಇಂಗ್ಲೆಂಡಿನಲ್ಲಿ ಹೊಲಗಳು ಪಾಳುಬಿದ್ದು ಕಾಡು ಮರಳಿ ಬೆಳೆಯಿತು, ಜಿಂಕೆ ಹೆಚ್ಚಿತು, ಜನ ಆ ಕಾಡಂಚಿನಲ್ಲೇ ಮನೆ ಕಟ್ಟಿದರು. ಅಮೆರಿಕದಲ್ಲಿ ಈಗ ವರ್ಷಕ್ಕೆ ಸುಮಾರು 4 ಲಕ್ಷ 76 ಸಾವಿರ ಮಂದಿ ಈ ರೋಗಕ್ಕೆ ಚಿಕಿತ್ಸೆ ಪಡೆಯುತ್ತಾರೆಂಬ ಅಂದಾಜಿದೆ.

ಈಗ ತಿಪಟೂರಿನ ಕೊಟ್ಟಿಗೆಗೆ ಮರಳಬಹುದು. ಚಿಪ್ಪಿನ ಸೀಮೆಎಣ್ಣೆಗೆ ಬೀಳುವ ಉಣ್ಣೆಗಳಲ್ಲಿ ಹೆಚ್ಚಿನವು ರಿಪಿಸೆಫಾಲಸ್ ಮೈಕ್ರೊಪ್ಲಸ್ ಎಂಬ ದನದ ಉಣ್ಣೆ. ಇದರ ಬದುಕು ಒಂದೇ ಮನೆಯದು. ಮರಿಯಾಗಿ ಹಸುವನ್ನು ಹತ್ತಿದರೆ ಮೂರು ವಾರ ಅಲ್ಲೇ ಪೊರೆ ಕಳಚಿ, ಅಲ್ಲೇ ಕುಡಿದು, ಮೊಟ್ಟೆಯಿಡಲಷ್ಟೇ ನೆಲಕ್ಕೆ ಬೀಳುತ್ತದೆ. ಇಲಿಯಿಂದ ಮನುಷ್ಯನಿಗೆ ಹೋಗುವ ಪ್ರಸಂಗವೇ ಅದರ ಬಾಳಿನಲ್ಲಿಲ್ಲ. ಲೈಮ್ ಬ್ಯಾಕ್ಟೀರಿಯವನ್ನು ದಾಟಿಸುವುದು ಇಕ್ಸೋಡಿಸ್ ಕುಲದ ಉಣ್ಣೆಗಳು. ಆದ್ದರಿಂದ ಹಸು ಮೇಯಿಸುವವರು, ಹಾಲು ಕರೆಯುವವರು ಕೊಟ್ಟಿಗೆಯ ಉಣ್ಣೆಗೆ ಹೆದರಿ ಲೈಮ್ ಎಂದು ಕೊರಗಬೇಕಾಗಿಲ್ಲ. ಹಸುವಿಗೆ ಮಾತ್ರ ಅದು ಬೇರೆ ಕೇಡು ತರುತ್ತದೆ. ಕೆಂಪು ಮೂತ್ರ ಹೊಯ್ಯಿಸುವ ಬಬೇಸಿಯಾ ಎಂಬ ರೋಗಾಣು ಈ ಉಣ್ಣೆಯ ಮೊಟ್ಟೆಯ ಮೂಲಕವೇ ಮುಂದಿನ ತಲೆಮಾರಿಗೆ ಹೋಗುತ್ತದೆ. ಪಟ್ಟೆಕಾಲಿನ ಹಯಲೋಮಾ ಉಣ್ಣೆ ತರುವ ಥೈಲೇರಿಯ ಜ್ವರ ಮಿಶ್ರತಳಿ ಹಸುಗಳನ್ನು ಕೆಡವುತ್ತದೆ. ಅಮೃತಮಹಲ್‌ನಂಥ ನಾಟಿ ದನಗಳಿಗೆ ತಡೆಯುವ ಶಕ್ತಿ ಹೆಚ್ಚು.

ಕರ್ನಾಟಕಕ್ಕೆ ಲೈಮ್‌ನ ಸುಳಿವೇ ಇಲ್ಲವೆಂದಲ್ಲ. ಭಾರತದಲ್ಲಿ 1990ರಲ್ಲಿ ಶಿಮ್ಲಾ ಬೆಟ್ಟಗಳಿಂದ ಆ ಕೆಂಪು ಬಳೆಯ ವರದಿ ಬಂತು. 2013ರಲ್ಲಿ ವಯನಾಡಿನಲ್ಲಿ ರೋಗಿಯೊಬ್ಬರು ಪತ್ತೆಯಾದರು. ವಯನಾಡಿನ ಗಡಿ ದಾಟಿದರೆ ಬಂಡೀಪುರ, ನಾಗರಹೊಳೆ. ಆ ಎರಡು ಕಾಡುಗಳ ಜನರ ರಕ್ತ ಪರೀಕ್ಷಿಸಿದ್ದು ಜ್ವರತಜ್ಞರಲ್ಲ, ಬೆಂಗಳೂರಿನ ನೇತ್ರತಜ್ಞೆ ಕಲ್ಪನಾ ಬಾಬು ಮತ್ತು ಸಂಗಡಿಗರು. ಲೈಮ್ ಕಣ್ಣಿನ ಒಳಪದರವನ್ನೂ ಬಾಧಿಸುವುದರಿಂದ ಅವರಿಗೆ ಆ ಶಂಕೆ ಹುಟ್ಟಿತ್ತು. 2020ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ನೂರರಲ್ಲಿ ಸುಮಾರು 20 ಮಂದಿಯ ರಕ್ತದಲ್ಲಿ ಬೊರೇಲಿಯ ವಿರುದ್ಧದ ಪ್ರತಿಕಾಯಗಳಿದ್ದವು.

ಈ ಅಂಕಿಯನ್ನು ಜೋಪಾನವಾಗಿ ಓದಬೇಕು. ಪ್ರತಿಕಾಯ ಇದೆಯೆಂದರೆ ರೋಗ ಇದೆಯೆಂದಲ್ಲ. ಎಂದೋ ಒಮ್ಮೆ ಬ್ಯಾಕ್ಟೀರಿಯ ಮುಟ್ಟಿರಬಹುದು, ಇಲ್ಲವೇ ಅದರ ನೆಂಟ ಬ್ಯಾಕ್ಟೀರಿಯ ಮುಟ್ಟಿರಬಹುದು. ಪರೀಕ್ಷೆಯ ಕಷ್ಟ ಕೊಬ್ಬರಿ ಅಟ್ಟ ಇರುವವರಿಗೆ ಬೇಗ ತಿಳಿಯುತ್ತದೆ. ಸಾವಿರ ಕಾಯಿಯಲ್ಲಿ ಕೆಟ್ಟದ್ದು ಒಂದೇ ಒಂದು ಎಂದುಕೊಳ್ಳಿ. ಕುಲುಕಿ ಸದ್ದು ಕೇಳಿ ಆರಿಸುವವನು ಬಲು ನುರಿತವನು. ಆದರೂ ಒಳ್ಳೆಯ ಕಾಯಿಯಲ್ಲಿ ನೂರಕ್ಕೆ ಐದನ್ನು ಕೆಟ್ಟದ್ದೆಂದು ಬದಿಗಿಡುತ್ತಾನೆ. ಕೊನೆಗೆ ಅವನ ಬದಿಯ ರಾಶಿಯಲ್ಲಿ 51 ಕಾಯಿ, ಅದರಲ್ಲಿ ನಿಜವಾಗಿ ಕೆಟ್ಟದ್ದು ಒಂದು. ರೋಗ ವಿರಳವಾಗಿರುವ ಸೀಮೆಯಲ್ಲಿ ಲೈಮ್ ಪರೀಕ್ಷೆಯೂ ಹೀಗೇ. ಅದಕ್ಕಾಗಿಯೇ ಎಲೈಸಾ ಎಂಬ ರಕ್ತಪರೀಕ್ಷೆ ಆದ ಮೇಲೆ ವೆಸ್ಟರ್ನ್ ಬ್ಲಾಟ್ ಎಂಬ ಇನ್ನೊಂದು, ಹೀಗೆ ಎರಡು ಸಲ ಜರಡಿ ಹಿಡಿಯುತ್ತಾರೆ. ಮೈಕೈ ನೋವಿಗೆಲ್ಲ ಪರೀಕ್ಷೆ ಮಾಡಿಸಿ, ಬಂದ ಒಂದು ಚೀಟಿ ಹಿಡಿದು ವರ್ಷಗಟ್ಟಲೆ ಔಷಧಿ ನುಂಗುವುದು ಜೇಬಿಗೂ ಮೈಗೂ ಕೇಡು.

ತೋಟದಲ್ಲಿ ದುಡಿದು ಬಂದವರಿಗೆ ಜ್ವರ ಬಂದರೆ ಮೊದಲು ನೆನೆಯಬೇಕಾದವು ಹತ್ತಿರದವು. ಒಂದು ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇದರ ಬ್ಯಾಕ್ಟೀರಿಯ ಬೊರೇಲಿಯದ ದಾಯಾದಿ, ಅದೂ ಸುರುಳಿಯೇ. ಉಣ್ಣೆಯ ಹಂಗಿಲ್ಲ, ಇಲಿಯ ಮೂತ್ರ ಬಿದ್ದ ಕಾಲುವೆ ನೀರು, ಕಾಲಿನ ಬಿರುಕು ಇಷ್ಟೇ ಸಾಕು. ತೆಂಗಿನ ಸುಳಿಯಲ್ಲಿ ಗೂಡು ಕಟ್ಟುವ ಇಲಿ, ಕೊಬ್ಬರಿ ಅಟ್ಟದ ಇಲಿ ಈ ಸೀಮೆಗೆ ಹೊಸತೇನಲ್ಲ. ಇನ್ನೊಂದು ಸ್ಕ್ರಬ್ ಟೈಫಸ್. ಅದನ್ನು ತರುವುದು ಪೊದೆಯ ನುಸಿಯ ಮರಿ. ಕಚ್ಚಿದ ಕಡೆ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ಕಂಕುಳು, ಸೊಂಟದ ಪಟ್ಟಿಯಡಿ ಹುಡುಕಿದರೆ ಸಿಗುತ್ತದೆ. ಎರಡಕ್ಕೂ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಮಲೆನಾಡಿನವರು ಉಣುಗಿನ, ಅಂದರೆ ಉಣ್ಣೆಯ, ಜೊತೆ ನೆನೆಯುತ್ತಾರೆ. ಅದು ವೈರಸ್, ಈ ಮಾತ್ರೆ ಅದಕ್ಕೆ ನಾಟದು. ಹೀಗಾಗಿ ಜ್ವರದ ರೋಗಿ ಎಲ್ಲಿಗೆ ಹೋಗಿ ಬಂದ, ಯಾವ ನೀರಿಗೆ ಇಳಿದ, ಏನು ಕಚ್ಚಿತು ಎಂಬ ಮೂರು ಪ್ರಶ್ನೆ ವೈದ್ಯರಿಗೆ ಯಾವ ಯಂತ್ರಕ್ಕಿಂತ ಕಡಿಮೆಯಲ್ಲ.

ಮನುಷ್ಯರ ಮೈಗೆ ಹತ್ತಿದ ಉಣ್ಣೆಗೆ ಸುಣ್ಣ ಹಚ್ಚುವುದು, ಬೀಡಿ ತಾಗಿಸುವುದು, ಸೀಮೆಎಣ್ಣೆ ಬಿಡುವುದು ಬೇಡ. ತಡವಾಗುತ್ತದೆ, ಚರ್ಮ ಸುಡುತ್ತದೆ. ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಬೇಕು. ಉಗುರಿನ ನಡುವೆ ಹಿಚುಕಿ ಒಡೆಯಬಾರದು. ಕಚ್ಚಿದ ಜಾಗವನ್ನು ಸೋಪುನೀರಿನಲ್ಲಿ ತೊಳೆದರಾಯಿತು.

ಈ ಸೀಮೆಯ ತೋಟ, ಕಾವಲುಗಳಲ್ಲಿ ಯಾವ ಉಣ್ಣೆಗಳಿವೆ ಎಂದು ಪಟ್ಟಿ ಮಾಡಲು ದೊಡ್ಡ ಪ್ರಯೋಗಾಲಯ ಬೇಡ; ತಾಲ್ಲೂಕಿನ ಕಾಲೇಜಿನ ಜೀವಶಾಸ್ತ್ರದ ಮಕ್ಕಳು ಸಾಕು. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಮೇಲೆ ಕಣ್ಣಿಟ್ಟವರು ಮಾಡುವುದೂ ಇದನ್ನೇ. ಒಂದು ಮೀಟರ್ ಬಿಳಿ ದಪ್ಪ ಬಟ್ಟೆಯ ಅಂಚಿಗೆ ಕೋಲು ಕಟ್ಟಿ, ಹಗ್ಗ ಹಿಡಿದು ಹುಲ್ಲಿನ ಮೇಲೆ, ಎಡೆಮಟ್ಟೆ ಬಿದ್ದ ಸಾಲಿನ ಬದಿಯಲ್ಲಿ ಮೆಲ್ಲಗೆ ಎಳೆಯುವುದು. ದಾರಿ ಕಾಯುತ್ತ ಹುಲ್ಲಿನ ತುದಿಯಲ್ಲಿ ಕೂತ ಉಣ್ಣೆ, ಪ್ರಾಣಿ ಬಂತೆಂದು ಬಟ್ಟೆಗೆ ಹತ್ತುತ್ತದೆ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಿ ನೋಡಬೇಕು, ರಾಗಿ ಕಾಳಿನಂಥದ್ದು ಅಲುಗಿದರೆ ಚಿಮುಟದಿಂದ ಹಿಡಿದು ಸ್ಪಿರಿಟ್ ತುಂಬಿದ ಸೀಸೆಗೆ ಹಾಕಬೇಕು. ಜೊತೆಗೊಂದು ಚೀಟಿ: ಊರು, ತೋಟವೋ ಕಾವಲೋ, ತಾರೀಕು. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು, ಸ್ಪಿರಿಟ್ಟಿನಲ್ಲಿ ಪೆನ್ನಿನ ಮಸಿ ಕರಗಿಹೋಗುತ್ತದೆ.